ಕೃಷಿ ಇಲಾಖೆಗೊಂದು ಚುನಾವಣೆ: ಟೆಕ್ಸಾಸ್, 1990

ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ಕೃಷಿ ಇಲಾಖೆಯ ಮುಖ್ಯಸ್ಥರನ್ನು ಜನರೇ ನೇರವಾಗಿ ವೋಟು ಹಾಕಿ ಆರಿಸುತ್ತಾರೆ. ಆ ದೇಶದ 50 ರಾಜ್ಯಗಳಲ್ಲಿ ಈ ಪದ್ಧತಿ ಇರುವುದು 12ರಲ್ಲಿ ಮಾತ್ರ. ನಮ್ಮಲ್ಲಿ ಕೃಷಿ ಮಂತ್ರಿಯಾಗಬೇಕಾದರೆ ಮೊದಲು ಶಾಸಕನಾಗಬೇಕು, ಆಮೇಲೆ ಮುಖ್ಯಮಂತ್ರಿಯ ಪಟ್ಟಿಯಲ್ಲಿ ಹೆಸರಿರಬೇಕು. ಖಾತೆ ಬದಲಾದರೆ ನಿನ್ನೆಯ ಕೃಷಿ ಮಂತ್ರಿ ನಾಳೆ ಬೇರೆ ಯಾವುದಕ್ಕೋ ಮಂತ್ರಿ. ಟೆಕ್ಸಾಸ್‌ನ ಕೃಷಿ ಕಮಿಷನರ್‌ಗೆ ಆ ಹಂಗಿಲ್ಲ. ಗವರ್ನರ್ ಅವರನ್ನು ನೇಮಿಸುವುದಿಲ್ಲ, ತೆಗೆಯುವಂತೆಯೂ ಇಲ್ಲ. ಕರ್ನಾಟಕದ ಮೂರೂವರೆ ಪಟ್ಟು ದೊಡ್ಡದಾದ, 254 ಕೌಂಟಿಗಳ ಆ ರಾಜ್ಯದಲ್ಲಿ ಹೊಲವಿದ್ದವರೂ ಇಲ್ಲದವರೂ, ಹ್ಯೂಸ್ಟನ್‌ನ ಬಹುಮಹಡಿ ಕಟ್ಟಡದಲ್ಲಿರುವವರೂ, ನಾಲ್ಕು ವರ್ಷಕ್ಕೊಮ್ಮೆ ಈ ಹುದ್ದೆಗೆ ಮತ ಹಾಕುತ್ತಾರೆ.

ಇಂಥ ಒಂದು ಚುನಾವಣೆ 1990ರ ನವೆಂಬರ್ 6ರಂದು ನಡೆಯಿತು. ದೇಶದ ಪತ್ರಿಕೆಗಳ ಕಣ್ಣೆಲ್ಲ ಅಂದು ಗವರ್ನರ್ ಚುನಾವಣೆಯ ಮೇಲಿತ್ತು. ಕೃಷಿ ಕಮಿಷನರ್ ಹುದ್ದೆಯ ಫಲಿತಾಂಶ ಮರುದಿನದ ಸುದ್ದಿಯಲ್ಲಿ ಎರಡನೇ ಸಾಲಿನಲ್ಲಿ ಬಂತು. ಆದರೆ ಮುಂದಿನ ಮೂವತ್ತು ವರ್ಷ ಟೆಕ್ಸಾಸ್ ಹೋದ ದಾರಿಯನ್ನು ನೋಡಿದರೆ, ಆ ಎರಡನೇ ಸಾಲಿನ ಸುದ್ದಿಯೇ ದೊಡ್ಡದಾಗಿತ್ತು ಎಂದು ನನಗೆ ಅನ್ನಿಸುತ್ತದೆ. ಅದನ್ನು ಅರ್ಥ ಮಾಡಿಕೊಳ್ಳಲು ಒಂದು ಹುಳುವಿನಿಂದ ಶುರು ಮಾಡಬೇಕು.

1892ರ ಸುಮಾರಿಗೆ ಬೋಲ್ ವೀವಿಲ್ ಎಂಬ ಮೂತಿಹುಳು ಮೆಕ್ಸಿಕೊದಿಂದ ರಿಯೊ ಗ್ರಾಂಡೆ ನದಿ ದಾಟಿ ಬ್ರೌನ್ಸ್‌ವಿಲ್ ಹತ್ತಿರ ಟೆಕ್ಸಾಸ್‌ಗೆ ಕಾಲಿಟ್ಟಿತು. ಹತ್ತಿಯ ಮೊಗ್ಗಿನಲ್ಲಿ ಮೊಟ್ಟೆಯಿಟ್ಟು, ಕಾಯಿಯಾಗುವ ಮೊದಲೇ ಫಸಲನ್ನು ಒಳಗಿನಿಂದ ತಿಂದುಹಾಕುವ ಹುಳು ಅದು. ಹತ್ತು ಹನ್ನೆರಡು ವರ್ಷದಲ್ಲಿ ರಾಜ್ಯದ ಹತ್ತಿ ಸೀಮೆಯ ಬಹುಭಾಗವನ್ನು ಆವರಿಸಿತು. ಗುತ್ತಿಗೆಗೆ ಹೊಲ ಹಿಡಿದವರು, ಪಾಲಿಗೆ ಉಳುವವರು ಬಿತ್ತನೆಗೆ ಮೊದಲೇ ಅಂಗಡಿಯವನ ಹತ್ತಿರ ಬೆಳೆಯನ್ನು ಅಡವಿಟ್ಟು ಹಿಟ್ಟು, ಉಪ್ಪು, ಬಟ್ಟೆ ತಂದವರು. ಬೆಳೆ ಹೋದರೆ ಸಾಲ ಮುಂದಿನ ವರ್ಷಕ್ಕೆ ದಾಟುತ್ತಿತ್ತು. 1903ರಲ್ಲಿ ಟೆಕ್ಸಾಸ್ ಶಾಸನಸಭೆ ಈ ಹುಳುವಿಗೆ ಮದ್ದು ಕಂಡುಹಿಡಿದವರಿಗೆ 50,000 ಡಾಲರ್ ಬಹುಮಾನ ಘೋಷಿಸಿತು. ಹಣ ಯಾರಿಗೂ ಸಿಗಲಿಲ್ಲ. ಅದೇ ವರ್ಷ ಟೆರೆಲ್ ಊರಿನ ಒಬ್ಬ ರೈತನ ಹೊಲದಲ್ಲಿ ಸೀಮನ್ ನ್ಯಾಪ್ ಎಂಬ ಕೃಷಿ ತಜ್ಞರು ಮಾದರಿ ಬೇಸಾಯ ಮಾಡಿಸಿ ತೋರಿಸಿದರು. ಹೊಲದಲ್ಲೇ ಕಲಿಸುವ ಆ ಪ್ರಯೋಗದಿಂದಲೇ ಅಮೆರಿಕದ ಕೃಷಿ ವಿಸ್ತರಣಾ ಸೇವೆ ಬೆಳೆಯಿತು.

ಸರಕಾರ ಹುಳುವಿನ ಹಿಂದೆ ಓಡುತ್ತಿದ್ದಾಗ ರೈತರು ಸುಮ್ಮನೆ ಕೂತಿರಲಿಲ್ಲ. ಫಾರ್ಮರ್ಸ್ ಅಲಯನ್ಸ್ ಎಂಬ ರೈತ ಸಂಘಟನೆ ಹುಟ್ಟಿದ್ದೇ 1877ರಲ್ಲಿ, ಟೆಕ್ಸಾಸ್‌ನ ಲ್ಯಾಂಪಸಸ್ ಕೌಂಟಿಯಲ್ಲಿ. ಅದು ಬೆಳೆದು 1890ರ ದಶಕದ ಪಾಪ್ಯುಲಿಸ್ಟ್ ಪಕ್ಷವಾಯಿತು. ರೈಲು ಕಂಪನಿಗಳ ದರ, ಬ್ಯಾಂಕುಗಳ ಬಡ್ಡಿ, ದಲ್ಲಾಳಿಗಳ ತೂಕ, ಈ ಮೂರರ ವಿರುದ್ಧ ಆ ಪಕ್ಷ ದೇಶದುದ್ದಕ್ಕೂ ದನಿಯೆತ್ತಿತು. ಪಕ್ಷ ಮುರಿದ ಮೇಲೂ ಸಿಟ್ಟು ಉಳಿಯಿತು. 1902ರಲ್ಲಿ ರೇನ್ಸ್ ಕೌಂಟಿಯ ಪಾಯಿಂಟ್ ಊರಿನಲ್ಲಿ ಫಾರ್ಮರ್ಸ್ ಯೂನಿಯನ್ ಹುಟ್ಟಿತು. ಹೀಗೆ ಮೇಲಿನಿಂದ ಹುಳು, ಕೆಳಗಿನಿಂದ ಸಂಘಟನೆ, ಎರಡೂ ಒತ್ತಿದ ಹೊತ್ತಿನಲ್ಲಿ, 1907ರಲ್ಲಿ, ಟೆಕ್ಸಾಸ್ ಕೃಷಿ ಇಲಾಖೆ ಸ್ವತಂತ್ರ ಇಲಾಖೆಯಾಗಿ ಸ್ಥಾಪನೆಯಾಯಿತು.

ಅದರ ಮುಖ್ಯಸ್ಥರನ್ನು ಜನರೇ ಆರಿಸಬೇಕು ಎಂಬುದಕ್ಕೆ ಬೇರೊಂದು ಹಿನ್ನೆಲೆಯಿದೆ. ಅಂತರ್ಯುದ್ಧದ ನಂತರ ಟೆಕ್ಸಾಸ್ ಆಳಿದ ರಿಪಬ್ಲಿಕನ್ ಗವರ್ನರ್ ಎಡ್ಮಂಡ್ ಡೇವಿಸ್ ಕೈಯಲ್ಲಿ ಅಧಿಕಾರ ತುಂಬ ಕೂಡಿಕೊಂಡಿತ್ತು. ಅವರ ಮೇಲಿನ ಕೋಪದಲ್ಲಿ, ಕರಿಯರಿಗೆ ಮತದ ಹಕ್ಕು ಕೊಟ್ಟ ಆ ಕಾಲದ ಮೇಲಿನ ಬಿಳಿಯರ ದ್ವೇಷವೂ ಬೆರೆತು, 1876ರ ಸಂವಿಧಾನ ಗವರ್ನರ್ ಪದವಿಯನ್ನು ತುಂಡು ತುಂಡು ಮಾಡಿ ಹಂಚಿತು. ಅಟಾರ್ನಿ ಜನರಲ್, ಖಜಾನೆ, ಭೂಮಿ ಎಲ್ಲಕ್ಕೂ ಬೇರೆ ಬೇರೆ ಚುನಾವಣೆ. ಕೃಷಿ ಕಮಿಷನರ್ ಹುದ್ದೆ ಆ ಜಾಡಿನಲ್ಲೇ ನಡೆಯಿತು, ಆದರೆ ಅದರ ಹೆಸರು ಸಂವಿಧಾನದಲ್ಲಿ ಇಲ್ಲ. ಅದು ಶಾಸನಸಭೆ ಮಾಡಿದ ಕಾಯ್ದೆಯ ಹುದ್ದೆ. ಶಾಸನಸಭೆ ಮನಸ್ಸು ಮಾಡಿದರೆ ಚುನಾವಣೆಯನ್ನೇ ತೆಗೆದುಹಾಕಬಹುದು. ಈ ಒಂದು ವ್ಯತ್ಯಾಸ ಎಂಬತ್ತು ವರ್ಷ ಯಾರಿಗೂ ಮುಖ್ಯವೆನಿಸಲಿಲ್ಲ.

ಯಾಕೆಂದರೆ ಹುದ್ದೆಗೆ ಬಂದವರು ಹೆಚ್ಚಾಗಿ ಯಾರನ್ನೂ ಕೆಣಕಲಿಲ್ಲ. ಬೀಜ ತಪಾಸಣೆ, ತಕ್ಕಡಿ ತಪಾಸಣೆ, ಪೆಟ್ರೋಲ್ ಬಂಕಿನ ಅಳತೆ, ನರ್ಸರಿಗಳ ರೋಗ ನಿಯಂತ್ರಣ, ಇಷ್ಟು ಕೆಲಸ. ಇಲಾಖೆ ಪರಿಶೀಲಿಸಿದ ಪ್ರತಿ ಪೆಟ್ರೋಲ್ ಪಂಪಿನ ಮೇಲೆ ಕಮಿಷನರ್ ಹೆಸರಿನ ಚೀಟಿ ಅಂಟಿರುತ್ತಿತ್ತು. ಕಾರಿಗೆ ಪೆಟ್ರೋಲ್ ಹಾಕಿಸುವ ಪ್ರತಿಯೊಬ್ಬನೂ ಆ ಹೆಸರನ್ನು ಓದುತ್ತಿದ್ದ. ಆ ಹುದ್ದೆಯಲ್ಲಿದ್ದವರನ್ನು ಸೋಲಿಸುವುದು ಕಷ್ಟವೆನ್ನಲು ಇದೂ ಒಂದು ಕಾರಣ. ಜೆ. ಇ. ಮೆಕ್‌ಡೊನಾಲ್ಡ್ 20 ವರ್ಷ ಕೂತರು. 1950ರಲ್ಲಿ ಅವರನ್ನು ಸೋಲಿಸಿದ ಜಾನ್ ವೈಟ್ ಇನ್ನೂ ಮೂವತ್ತು ದಾಟದ ತರುಣ, 26 ವರ್ಷ ಆಳಿದರು. ವೈಟ್ ಬಗ್ಗೆ ಒಂದು ಮಾತು ಹೇಳಲೇಬೇಕು. 1952ರಲ್ಲಿ ಟೆಕ್ಸಾಸ್‌ನ ಡೆಮಾಕ್ರಟಿಕ್ ನಾಯಕರೆಲ್ಲ ರಿಪಬ್ಲಿಕನ್ ಅಧ್ಯಕ್ಷೀಯ ಅಭ್ಯರ್ಥಿ ಐಸೆನ್‌ಹೋವರ್ ಗಾಳಿಗೆ ಬಾಗಿ, ರಿಪಬ್ಲಿಕನ್ ಪಟ್ಟಿಯಲ್ಲೂ ತಮ್ಮ ಹೆಸರು ಹಾಕಿಸಿಕೊಂಡರು. ಹಾಗೆ ಮಾಡಲು ಒಪ್ಪದೆ ಸ್ವಂತ ಪಕ್ಷದ ಪಟ್ಟಿಯಲ್ಲಿ ಮಾತ್ರ ನಿಂತ ರಾಜ್ಯಮಟ್ಟದ ಏಕೈಕ ಅಭ್ಯರ್ಥಿ ಈ ಕೃಷಿ ಕಮಿಷನರ್. ನಿಂತೂ ಗೆದ್ದರು. ನೇರ ಚುನಾವಣೆಯಿಂದ ಬಂದ ಧೈರ್ಯ ಎಂಥದೆಂದು ತೋರಿಸಿದ ಮೊದಲ ಘಟನೆ ಅದು.

1977ರಲ್ಲಿ ವೈಟ್ ಅಧ್ಯಕ್ಷ ಕಾರ್ಟರ್ ಸರಕಾರ ಸೇರಲು ವಾಷಿಂಗ್ಟನ್‌ಗೆ ಹೋದಾಗ ತೆರವಾದ ಜಾಗಕ್ಕೆ ರೇಗನ್ ಬ್ರೌನ್ ಬಂದರು. ದಕ್ಷಿಣದ ಹೊಲಗಳಿಗೆಲ್ಲ ಹಬ್ಬಿದ್ದ ಫೈರ್ ಆಂಟ್ ಎಂಬ ಕೆಂಪಿರುವೆಯ ಕಾಟ ಎಷ್ಟೆಂದು ತೋರಿಸಲು ಅವರು ಇರುವೆಯ ಗೂಡಿನೊಳಗೇ ಕೈಯಿಟ್ಟರು. ಆ ಸುದ್ದಿ ರಾಜ್ಯವೆಲ್ಲ ಹರಡಿತು. ಆಮೇಲೆ ಕರಿಯರ ನಾಯಕ, ಶಿಕ್ಷಣತಜ್ಞ ಬುಕರ್ ಟಿ. ವಾಷಿಂಗ್ಟನ್ ಹೆಸರು ಹೇಳುವಾಗ ಬಾಯಿತಪ್ಪಿ ಜನಾಂಗ ನಿಂದನೆಯ ಪದ ಬಳಸಿದರು. 1982ರ ಡೆಮಾಕ್ರಟಿಕ್ ಪಕ್ಷದೊಳಗಿನ ಚುನಾವಣೆಗೆ ಅವರು ಹೋದದ್ದು ಈ ಗಾಯಗಳೊಂದಿಗೆ. ಎದುರಿಗೆ ನಿಂತಿದ್ದವರು ಜಿಮ್ ಹೈಟವರ್.

ಹೈಟವರ್ ರೈತರಾಗಿರಲಿಲ್ಲ. 1943ರಲ್ಲಿ ಉತ್ತರ ಟೆಕ್ಸಾಸ್‌ನ ಡೆನಿಸನ್ ಊರಿನಲ್ಲಿ ಹುಟ್ಟಿದವರು. ಸೆನೆಟರ್ ರಾಲ್ಫ್ ಯಾರ್‌ಬರೋ ಕಚೇರಿಯಲ್ಲಿ ದುಡಿದು, ಕೃಷಿ ಉದ್ಯಮವನ್ನು ಪ್ರಶ್ನಿಸುವ ಸಂಸ್ಥೆಯೊಂದನ್ನು ವಾಷಿಂಗ್ಟನ್‌ನಲ್ಲಿ ನಡೆಸಿದವರು. 1972ರಲ್ಲಿ ಅವರು ಹೊರತಂದ ವರದಿ ಕೃಷಿ ವಿಶ್ವವಿದ್ಯಾಲಯಗಳನ್ನು ನಡುಗಿಸಿತು. ಜನರ ತೆರಿಗೆಯಿಂದ ನಡೆಯುವ ಈ ವಿಶ್ವವಿದ್ಯಾಲಯಗಳು ಯಂತ್ರ ಕೀಳಲೆಂದು ಗಟ್ಟಿ ಸಿಪ್ಪೆಯ ಟೊಮೆಟೊ ತಳಿ ಮಾಡುತ್ತಿವೆ. ಇದರಿಂದ ದೊಡ್ಡ ಕಂಪನಿಗೆ ಲಾಭ, ಸಣ್ಣ ರೈತನಿಗೆ ಹೊಲದಿಂದ ಹೊರಗೆ ದಾರಿ, ಉಣ್ಣುವವನಿಗೆ ರುಚಿಯಿಲ್ಲದ ಹಣ್ಣು ಎಂಬುದು ಅದರ ವಾದ. ಆಮೇಲೆ ಟೆಕ್ಸಾಸ್ ಅಬ್ಸರ್ವರ್ ಪತ್ರಿಕೆಯ ಸಂಪಾದಕರಾದರು. 1980ರಲ್ಲಿ ರೈಲ್‌ರೋಡ್ ಕಮಿಷನ್‌ಗೆ ನಿಂತು ಸೋತರು. ಹೆಸರು ರೈಲಿನದಾದರೂ ತೈಲ ಮತ್ತು ಅನಿಲವನ್ನು ನಿಯಂತ್ರಿಸುವ ಹುದ್ದೆ ಅದು. ಸೋತರೂ ಹೆಸರು ಜನರಲ್ಲಿ ಉಳಿಯಿತು. ಅಗಲ ಅಂಚಿನ ಕೌಬಾಯ್ ಟೋಪಿ, ಗಿಡ್ಡ ಮೈಕಟ್ಟು, ಹಳ್ಳಿಯ ಕಟ್ಟೆಯ ಮೇಲೆ ಕೂತವರ ಧಾಟಿಯ ಮಾತು. ರಸ್ತೆಯ ನಡುವೆ ಹಳದಿ ಗೆರೆ ಮತ್ತು ಸತ್ತ ಆರ್ಮಡಿಲೊ ಬಿಟ್ಟರೆ ಬೇರೇನೂ ಇರುವುದಿಲ್ಲ ಎಂದು ಮಧ್ಯಮಾರ್ಗಿಗಳನ್ನು ಅವರು ಛೇಡಿಸುತ್ತಿದ್ದರು. ಬ್ರೌನ್‌ರನ್ನು ಸೋಲಿಸಿ, ನವೆಂಬರ್‌ನಲ್ಲಿ ಗೆದ್ದು, 1983ರ ಜನವರಿಯಲ್ಲಿ ಅಧಿಕಾರ ಹಿಡಿದರು. ಆ ಚುನಾವಣೆಯಲ್ಲಿ ಅವರ ಜೊತೆಗೇ ಖಜಾನೆಯ ಹುದ್ದೆಗೆ ಆನ್ ರಿಚರ್ಡ್ಸ್ ಗೆದ್ದಿದ್ದರು.

ಅವರು ಕೂತ ಗಳಿಗೆ ಒಳ್ಳೆಯದಾಗಿರಲಿಲ್ಲ. 1970ರ ದಶಕದಲ್ಲಿ ಬ್ಯಾಂಕುಗಳು ಕರೆದು ಕರೆದು ಸಾಲ ಕೊಟ್ಟಿದ್ದವು. 80ರ ಆರಂಭದಲ್ಲಿ ಬಡ್ಡಿ ಏರಿತು, ರಫ್ತು ಕುಸಿಯಿತು, ಭೂಮಿಯ ಬೆಲೆ ಬಿತ್ತು. ಮೂರು ತಲೆಮಾರಿನಿಂದ ಉಳುತ್ತಿದ್ದ ಜಮೀನುಗಳು ಹರಾಜಿಗೆ ಬಂದವು. 1983ರ ಡಿಸೆಂಬರ್‌ನ ಹಿಮಗಾಳಿಗೆ ರಿಯೊ ಗ್ರಾಂಡೆ ಕಣಿವೆಯ ಕಿತ್ತಳೆ, ಚಕ್ಕೋತ ತೋಟಗಳು ಸುಟ್ಟುಹೋದವು. ಟೆಕ್ಸಾಸ್‌ನವರೇ ಆದ ಗಾಯಕ ವಿಲ್ಲಿ ನೆಲ್ಸನ್ 1985ರಲ್ಲಿ ರೈತರಿಗಾಗಿ ಫಾರ್ಮ್ ಏಡ್ ಸಂಗೀತ ಕಾರ್ಯಕ್ರಮ ಶುರು ಮಾಡಿದ್ದು ಈ ಸಂಕಟದ ನಡುವೆಯೇ.

ಹೈಟವರ್ ಇಲಾಖೆಯನ್ನು ಬೇರೆ ರೀತಿಯಲ್ಲಿ ನಡೆಸಿದರು. ಸಣ್ಣ ರೈತ ದಲ್ಲಾಳಿಯ ಕೈಗೆ ಸಿಗದೆ ಪಟ್ಟಣದವರಿಗೆ ನೇರವಾಗಿ ಮಾರಲಿ ಎಂದು ಊರೂರಲ್ಲಿ ರೈತರ ಸಂತೆಗಳನ್ನು ನಿಲ್ಲಿಸಿದರು. 1988ರಲ್ಲಿ ಇಲಾಖೆಯೇ ಸಾವಯವ ಪ್ರಮಾಣಪತ್ರ ಕೊಡಲು ಆರಂಭಿಸಿತು. ಸರಕಾರಿ ಇಲಾಖೆಯೊಂದು ಹೊಲಕ್ಕೆ ಹೋಗಿ ನೋಡಿ, ರಾಸಾಯನಿಕವಿಲ್ಲದ ಬೆಳೆ ಇದು ಎಂದು ಮುದ್ರೆ ಒತ್ತಿದ್ದು ಅಮೆರಿಕದಲ್ಲಿ ಆಗ ಹೊಸದು. ಮರುವರ್ಷ ಇನ್ನೂ ದೊಡ್ಡ ಸಾಹಸಕ್ಕೆ ಕೈಹಾಕಿದರು. ಹಾರ್ಮೋನ್ ಚುಚ್ಚಿ ಬೆಳೆಸಿದ ದನದ ಮಾಂಸವನ್ನು ಯೂರೋಪ್ 1989ರ ಜನವರಿಯಿಂದ ನಿಷೇಧಿಸಿತ್ತು. ವಾಷಿಂಗ್ಟನ್ ಇದನ್ನು ವ್ಯಾಪಾರದ ಯುದ್ಧವೆಂದು ಕರೆದು ಪ್ರತಿ ಸುಂಕ ಹಾಕಿತು. ಹೈಟವರ್ ಮಾತ್ರ, ಹಾರ್ಮೋನ್ ಇಲ್ಲದ ಮಾಂಸ ಬೇಕೇ, ಟೆಕ್ಸಾಸ್‌ನಲ್ಲಿ ಸಿಗುತ್ತದೆ, ನನ್ನ ಇಲಾಖೆ ಪ್ರಮಾಣಪತ್ರ ಕೊಡುತ್ತದೆ ಎಂದರು. ಒಕ್ಕೂಟ ಸರಕಾರದ ನಿಲುವಿನ ಬುಡಕ್ಕೇ ಪೆಟ್ಟು ಕೊಟ್ಟ ಮಾತು. ಗವರ್ನರ್‌ನ ನೇಮಕದಿಂದ ಬಂದ ಅಧಿಕಾರಿ ಹೀಗೆ ಮಾತನಾಡಲು ಸಾಧ್ಯವೇ ಇರಲಿಲ್ಲ.

ಆದರೆ ಅವರ ಹಣೆಬರಹ ಬರೆದದ್ದು ಮಾಂಸವೂ ಅಲ್ಲ, ಸಂತೆಯೂ ಅಲ್ಲ, ಕೀಟನಾಶಕ.

ಅಮೆರಿಕದಲ್ಲಿ ಯಾವ ಕೀಟನಾಶಕ ಮಾರಬಹುದೆಂದು ನಿರ್ಧರಿಸುವುದು ಒಕ್ಕೂಟ ಸರಕಾರದ ಪರಿಸರ ಸಂಸ್ಥೆ. ಆದರೆ ಹೊಲದಲ್ಲಿ ಅದನ್ನು ಹೇಗೆ ಬಳಸುತ್ತಾರೆಂದು ನೋಡುವುದು ರಾಜ್ಯದ ಕೆಲಸ, ಹೆಚ್ಚಿನ ರಾಜ್ಯಗಳಲ್ಲಿ ಕೃಷಿ ಇಲಾಖೆಯ ಕೆಲಸ. ಬೆಳೆ ಹೆಚ್ಚಿಸಬೇಕಾದ ಇಲಾಖೆಯೇ ವಿಷಕ್ಕೂ ಕಾವಲು. ಟೆಕ್ಸಾಸ್‌ನ ಹತ್ತಿ, ತರಕಾರಿ ಹೊಲಗಳ ಮೇಲೆ ಸಣ್ಣ ವಿಮಾನಗಳು ಔಷಧಿ ಹೊಡೆಯುತ್ತಿದ್ದವು. ಗಾಳಿ ತಿರುಗಿದರೆ ಅದು ಪಕ್ಕದ ಮನೆಯ ಮೇಲೆ, ಶಾಲೆಯ ಮೇಲೆ, ಸಾಲಿನಲ್ಲಿ ಕಳೆ ಕೀಳುತ್ತಿದ್ದ ಕೂಲಿಯವರ ಮೇಲೆ ಬೀಳುತ್ತಿತ್ತು. ಹತ್ತಿಯನ್ನು ಯಂತ್ರದಿಂದ ಬಿಡಿಸುವ ಮೊದಲು ಎಲೆ ಒಣಗಿಸಲು ಕೆಲವು ಕಡೆ ಆರ್ಸೆನಿಕ್ ಆಮ್ಲವನ್ನೇ ಸಿಂಪಡಿಸುತ್ತಿದ್ದ ಕಾಲ ಅದು. ಕೂಲಿಯವರಲ್ಲಿ ಬಹುಪಾಲು ಮೆಕ್ಸಿಕನ್ ಮೂಲದವರು. ಡಬ್ಬಿಯ ಮೇಲಿನ ಇಂಗ್ಲಿಷ್ ಓದಲು ಬಾರದವರು, ತಲೆಸುತ್ತಿ ಬಿದ್ದರೆ ಯಾವ ಔಷಧಿಯಿಂದ ಎಂದು ವೈದ್ಯರಿಗೆ ಹೇಳಲು ಗೊತ್ತಿಲ್ಲದವರು. ಇಲಾಖೆಯ ಇತಿಹಾಸದಲ್ಲಿ ಅವರ ಹೆಸರು ಅಲ್ಲಿಯ ತನಕ ಎಲ್ಲೂ ಇರಲಿಲ್ಲ.

1980ರ ದಶಕದ ಮಧ್ಯದಲ್ಲಿ ಹೈಟವರ್ ಹೊಸ ನಿಯಮಗಳನ್ನು ತಂದರು. ಅಕ್ಕಪಕ್ಕದವರು ಕೇಳಿಕೊಂಡಿದ್ದರೆ ಔಷಧಿ ಹೊಡೆಯುವ ಮೊದಲು ಅವರಿಗೆ ತಿಳಿಸಬೇಕು. ಹೊಡೆದ ಹೊಲಕ್ಕೆ ಗೊತ್ತಾದ ಅವಧಿ ಕಳೆಯುವ ತನಕ ಕೂಲಿಯವರನ್ನು ಇಳಿಸಬಾರದು. 1987ರಲ್ಲಿ ಶಾಸನಸಭೆ ಮತ್ತೊಂದು ಕಾಯ್ದೆ ಮಾಡಿತು: ಹೊಲದಲ್ಲಿ ಬಳಸಿದ ರಾಸಾಯನಿಕ ಯಾವುದು, ಅದರ ಅಪಾಯವೇನು ಎಂದು ಕೂಲಿಯವರಿಗೆ ತಿಳಿಸುವುದು ಜಮೀನ್ದಾರನ ಹೊಣೆ. ಓದಿದರೆ ಬಹಳ ಸಾಧಾರಣ ನಿಯಮಗಳು. ನಮ್ಮ ದಾಳಿಂಬೆ, ದ್ರಾಕ್ಷಿ, ಮೆಣಸಿನಕಾಯಿ ಹೊಲಗಳಲ್ಲಿ ಮೂಗಿಗೆ ಬಟ್ಟೆಯೂ ಇಲ್ಲದೆ ಔಷಧಿ ಹೊಡೆಯುವವರನ್ನು ನೋಡಿದ ಯಾರಿಗೂ ಇವು ಅತಿಯೆನಿಸಲಾರವು.

ಟೆಕ್ಸಾಸ್ ಫಾರ್ಮ್ ಬ್ಯೂರೋಗೆ ಅತಿಯೆನಿಸಿದವು. ರಾಜ್ಯದ ಅತಿ ದೊಡ್ಡ ಕೃಷಿಕ ಸಂಘಟನೆ ಅದು. ರಾಸಾಯನಿಕ ಕಂಪನಿಗಳೂ, ವಿಮಾನದಿಂದ ಸಿಂಪಡಿಸುವವರೂ ಅದರ ಜೊತೆ ನಿಂತರು. ರೈತರ ಹಣದಿಂದ ನಡೆಯುವ ಇಲಾಖೆ ರೈತರ ಕೈಯನ್ನೇ ಕಟ್ಟುತ್ತಿದೆ ಎಂಬುದು ಅವರ ದೂರು. ಅದರಲ್ಲಿ ಸ್ವಲ್ಪ ಸತ್ಯವಿತ್ತು ಎಂದು ಒಪ್ಪಬೇಕು. ಸಾಲದಲ್ಲಿ ಮುಳುಗಿದ ಹತ್ತಿ ಬೆಳೆಗಾರನಿಗೆ, ಹುಳು ಬಿದ್ದ ದಿನವೇ ಔಷಧಿ ಹೊಡೆಯಲಾಗದೆ ಕಾಯುವುದು ಬೆಳೆಯನ್ನು ಪಣಕ್ಕಿಟ್ಟಂತೆ. ಆದರೆ ರೈತ ಎಂದರೆ ಜಮೀನಿನ ಒಡೆಯ ಮಾತ್ರವೇ, ಅದರಲ್ಲಿ ಬೆವರು ಸುರಿಸುವವನು ಅಲ್ಲವೇ ಎಂಬ ಪ್ರಶ್ನೆಗೆ ಫಾರ್ಮ್ ಬ್ಯೂರೋ ಬಳಿ ಉತ್ತರವಿರಲಿಲ್ಲ. ಹೈಟವರ್ ಈ ಪ್ರಶ್ನೆಯನ್ನು ಇಲಾಖೆಯೊಳಗೆ ತಂದರು. ಅವರ ಎಂಟು ವರ್ಷಗಳ ತಿರುಳು ಇದೇ ಎಂದು ನಾನು ಭಾವಿಸುತ್ತೇನೆ.

1989ರಲ್ಲಿ ವಿರೋಧಿಗಳಿಗೆ ಅವಕಾಶ ಸಿಕ್ಕಿತು. ಟೆಕ್ಸಾಸ್‌ನಲ್ಲಿ 1977ರಿಂದ ಒಂದು ಕಾಯ್ದೆಯಿದೆ. ಹೆಚ್ಚಿನ ಸರಕಾರಿ ಸಂಸ್ಥೆಗಳ ಆಯುಸ್ಸಿಗೆ ಒಂದು ಕೊನೆಯ ದಿನಾಂಕ. ಶಾಸನಸಭೆ ಪರಿಶೀಲಿಸಿ ಮುಂದುವರಿಸಿದರೆ ಮಾತ್ರ ಅದು ಉಳಿಯುತ್ತದೆ. ಆ ವರ್ಷ ಕೃಷಿ ಇಲಾಖೆಯ ಸರದಿ. ಎಂಬತ್ತು ವರ್ಷ ಯಾರೂ ಗಮನಿಸದ ಸಂಗತಿ ಆಗ ಮೇಲೆದ್ದಿತು: ಹುದ್ದೆ ಸಂವಿಧಾನದ್ದಲ್ಲ. ಕಮಿಷನರ್ ಚುನಾವಣೆಯನ್ನು ನಿಲ್ಲಿಸಿ ಗವರ್ನರ್ ನೇಮಕಕ್ಕೆ ಬಿಡಿ ಎಂದು ಫಾರ್ಮ್ ಬ್ಯೂರೋ ಒತ್ತಾಯಿಸಿತು. ಆಗಿನ ಗವರ್ನರ್ ರಿಪಬ್ಲಿಕನ್ ಪಕ್ಷದ ಬಿಲ್ ಕ್ಲೆಮೆಂಟ್ಸ್. ಚರ್ಚೆ ಬಿರುಸಾಗಿ ನಡೆಯಿತು. ಪರಿಸರ ಗುಂಪುಗಳು, ಗ್ರಾಹಕರ ಸಂಘಗಳು, ಕೂಲಿಯವರ ಸಂಘಟನೆಗಳು ಹೈಟವರ್ ಬೆನ್ನಿಗೆ ನಿಂತವು. ಕೊನೆಗೆ ಚುನಾವಣೆ ಉಳಿಯಿತು, ಕಮಿಷನರ್‌ನ ಕೈ ಮೊಟಕಾಯಿತು. ಕೀಟನಾಶಕ ನೀತಿಯನ್ನು ಹಲವು ಇಲಾಖೆಗಳ ಪ್ರತಿನಿಧಿಗಳಿರುವ ಹೊಸ ಮಂಡಳಿಗೆ ವಹಿಸಲಾಯಿತು. ಗೆದ್ದಂತೆ ಕಂಡರೂ ಹೈಟವರ್ ಅರ್ಧ ಸೋತಿದ್ದರು. ವಿರೋಧಿಗಳಿಗೆ ಇನ್ನು ಉಳಿದದ್ದು ಒಂದೇ ದಾರಿ, ಮತಪೆಟ್ಟಿಗೆ.

ಅವರಿಗೆ ಬೇಕಾದ ಅಭ್ಯರ್ಥಿ ಆಗ ಡೆಮಾಕ್ರಟಿಕ್ ಪಕ್ಷದಲ್ಲೇ ಇದ್ದರು. ರಿಕ್ ಪೆರಿ, ಪಶ್ಚಿಮ ಟೆಕ್ಸಾಸ್‌ನ ಪೇಂಟ್ ಕ್ರೀಕ್ ಎಂಬ ಕುಗ್ರಾಮದ ಒಣ ಬೇಸಾಯದ ಹತ್ತಿ ಬೆಳೆಗಾರರ ಮಗ. ಟೆಕ್ಸಾಸ್ ಎ ಅಂಡ್ ಎಂ ಕೃಷಿ ವಿಶ್ವವಿದ್ಯಾಲಯದ ಪದವೀಧರ, ವಾಯುಪಡೆಯಲ್ಲಿ ಸಾಗಣೆ ವಿಮಾನ ಹಾರಿಸಿ ಊರಿಗೆ ಮರಳಿದವರು, ಶಾಸಕ. 1988ರ ಅಧ್ಯಕ್ಷೀಯ ಅಭ್ಯರ್ಥಿ ಆಯ್ಕೆಯಲ್ಲಿ ಅವರು ಆಲ್ ಗೋರ್ ಪರ ಕೆಲಸ ಮಾಡಿದ್ದರು. ಅದೇ ಆಯ್ಕೆಯಲ್ಲಿ ಹೈಟವರ್ ಬೆಂಬಲಿಸಿದ್ದು ಕರಿಯರ ನಾಯಕ ಜೆಸ್ಸಿ ಜಾಕ್ಸನ್‌ರನ್ನು. ಇಡೀ ರಾಜ್ಯದ ಮತ ಬೇಕಾದ ಒಬ್ಬ ಬಿಳಿಯ ಅಧಿಕಾರಸ್ಥ ದಕ್ಷಿಣದಲ್ಲಿ ಹಾಗೆ ಮಾಡುವುದು ಆಗ ತೀರಾ ಅಪರೂಪ. ಒಂದೇ ಪಕ್ಷ ಎರಡು ದಿಕ್ಕಿಗೆ ಎಳೆಯುತ್ತಿತ್ತು. 1989ರ ಸೆಪ್ಟೆಂಬರ್ ಕೊನೆಯಲ್ಲಿ ಪೆರಿ ರಿಪಬ್ಲಿಕನ್ ಪಕ್ಷ ಸೇರಿದರು. ಸ್ವಲ್ಪ ಸಮಯದಲ್ಲೇ ಕೃಷಿ ಕಮಿಷನರ್ ಅಭ್ಯರ್ಥಿಯಾದರು. ಪ್ರಚಾರದ ಸಲಹೆಗಾರ ಕಾರ್ಲ್ ರೋವ್. ಹತ್ತು ವರ್ಷದ ನಂತರ ಕಿರಿಯ ಜಾರ್ಜ್ ಬುಷ್‌ರನ್ನು ಅಧ್ಯಕ್ಷ ಪದವಿಗೆ ಕೂರಿಸಿದವರೆಂದು ಜಗತ್ತು ಅವರನ್ನು ಗುರುತಿಸಿತು.

ಹೈಟವರ್ ಸೆನೆಟ್‌ಗೆ ನಿಲ್ಲುವ ಯೋಚನೆ ಮಾಡಿ ಬಿಟ್ಟಿದ್ದರು. 1986ರಲ್ಲಿ ಸುಲಭವಾಗಿ ಗೆದ್ದಿದ್ದ ಹುದ್ದೆಯನ್ನು ಮತ್ತೆ ಗೆಲ್ಲುವುದು ಕಷ್ಟವಲ್ಲ ಎಂದು ಅವರಿಗೂ ಅವರ ಸುತ್ತ ಇದ್ದವರಿಗೂ ಅನ್ನಿಸಿತ್ತು. ದೇಶವೆಲ್ಲ ತಿರುಗಿ ಭಾಷಣ ಮಾಡುವುದು ನಡೆದೇ ಇತ್ತು. 1988ರ ಪಕ್ಷದ ಮಹಾಧಿವೇಶನದಲ್ಲಿ ಹಿರಿಯ ಬುಷ್‌ರನ್ನು ಗೇಲಿ ಮಾಡಿದ್ದು ಅವರಿಗೆ ದೇಶದಾದ್ಯಂತ ಹೆಸರು ತಂದಿತ್ತು, ಅಷ್ಟೇ ಶತ್ರುಗಳನ್ನೂ. ಈ ನಡುವೆ ಇಲಾಖೆಯ ಮೇಲೆ ಎಫ್‌ಬಿಐ ತನಿಖೆ ಶುರುವಾಯಿತು. ಸರಕಾರದ ಹಣದಲ್ಲಿ ನೇಮಿಸಿದ ಸಲಹೆಗಾರರು ಕಮಿಷನರ್‌ನ ಚುನಾವಣೆಗೆ ದೇಣಿಗೆ ಎತ್ತುತ್ತಿದ್ದಾರೆ ಎಂಬುದು ದೂರು. ತನಿಖೆಯ ಸುದ್ದಿ ಪತ್ರಿಕೆಗಳಿಗೆ ಹರಿಯಿತು. ಪ್ರಚಾರದ ಕೊನೆಯ ದಿನಗಳಲ್ಲಿ ಟಿವಿಯಲ್ಲಿ ಪೆರಿ ಪರ ಜಾಹೀರಾತು ಬಂತು: ಹೈಟವರ್ ಪಕ್ಕದಲ್ಲಿ ಜೆಸ್ಸಿ ಜಾಕ್ಸನ್. ಏನು ಹೇಳಬೇಕಿತ್ತೋ ಅದನ್ನು ಆ ಚಿತ್ರವೇ ಹೇಳಿತು.

ಫಲಿತಾಂಶ ಬಂದಾಗ ಆನ್ ರಿಚರ್ಡ್ಸ್ ಗವರ್ನರ್ ಆಗಿ ಗೆದ್ದಿದ್ದರು. ಅದೇ ಪಕ್ಷದ ಹೈಟವರ್ ಶೇಕಡಾ ಒಂದರ ಆಸುಪಾಸಿನ ಅಂತರದಲ್ಲಿ ಸೋತಿದ್ದರು. ರಿಚರ್ಡ್ಸ್‌ಗೆ ವೋಟು ಹಾಕಿದ ಸಾವಿರಾರು ಕೈಗಳು ಅದೇ ಮತಪತ್ರದಲ್ಲಿ ಕೆಳಗಿಳಿದು ಪೆರಿಗೆ ಗುರುತು ಹಾಕಿದ್ದವು. ಇಲಾಖೆಗೆ ಮೊದಲ ಬಾರಿಗೆ ರಿಪಬ್ಲಿಕನ್ ಮುಖ್ಯಸ್ಥರು ಬಂದರು.

ಯಾಕೆ ಸೋತರು ಎಂಬುದರ ಬಗ್ಗೆ ಬರೆದವರಲ್ಲಿ ಇಂದಿಗೂ ಒಮ್ಮತವಿಲ್ಲ. ತನಿಖೆಯೇ ರಾಜಕೀಯ ಪ್ರೇರಿತ, ಅದರ ಹಿಂದೆ ರೋವ್ ಇದ್ದರು ಎಂದು ಹೈಟವರ್ ಕಡೆಯವರು ಹೇಳುತ್ತ ಬಂದಿದ್ದಾರೆ. 1991ರಲ್ಲಿ ರೋವ್‌ರನ್ನು ಒಂದು ವಿಶ್ವವಿದ್ಯಾಲಯ ಮಂಡಳಿಗೆ ನೇಮಿಸುವ ವಿಚಾರಣೆಯಲ್ಲಿ, ತನಿಖೆ ನಡೆಸಿದ ಎಫ್‌ಬಿಐ ಅಧಿಕಾರಿಯ ಪರಿಚಯವಿತ್ತೇ ಎಂಬ ಪ್ರಶ್ನೆ ಟೆಕ್ಸಾಸ್ ಸೆನೆಟರ್‌ಗಳಿಂದಲೇ ಬಂತು. ತನಿಖೆಯನ್ನು ರೋವ್ ನಡೆಸಿದರೆಂದು ಯಾರೂ ಸಾಬೀತು ಮಾಡಲಿಲ್ಲ. ಇನ್ನೊಂದು ಕಡೆ, 1993ರಲ್ಲಿ ಇಲಾಖೆಯ ಇಬ್ಬರು ಹಿರಿಯ ಸಹಾಯಕರ ಮೇಲಿನ ಆರೋಪ ನ್ಯಾಯಾಲಯದಲ್ಲಿ ರುಜುವಾತಾಗಿ ಅವರು ಜೈಲಿಗೆ ಹೋದರು ಎಂಬುದೂ ನಿಜ. ಹೈಟವರ್ ಮೇಲೆ ಮೊಕದ್ದಮೆ ಹೂಡಲಿಲ್ಲ. ಬೇರೆ ಕೆಲವರು ಹೇಳುವುದು, ಟೆಕ್ಸಾಸ್ ಹಳ್ಳಿಗಳ ಬಿಳಿಯ ಮತದಾರರು ಹೇಗೂ ಪಕ್ಷ ಬದಲಿಸುತ್ತಿದ್ದರು, ಯಾರು ನಿಂತಿದ್ದರೂ ಇಂದಲ್ಲ ನಾಳೆ ಇದಾಗುತ್ತಿತ್ತು ಎಂದು. ನನಗೆ ಕಾಣುವುದು ಇಷ್ಟು: ಇಷ್ಟು ಸಣ್ಣ ಅಂತರದ ಸೋಲಿನಲ್ಲಿ ಪ್ರತಿ ಕಾರಣವೂ ಸಾಕಾಗುವಷ್ಟು ದೊಡ್ಡದು. ಅದರಲ್ಲಿ ಹೈಟವರ್‌ರ ಸ್ವಂತ ಪಾಲು ಕಡಿಮೆಯಲ್ಲ. ಕೂಲಿಯವರ ಪರ ಅಷ್ಟು ದೊಡ್ಡ ಶಕ್ತಿಗಳನ್ನು ಎದುರು ಹಾಕಿಕೊಂಡವರು ತಮ್ಮ ಕಚೇರಿಯ ಲೆಕ್ಕಪತ್ರವನ್ನು ಕನ್ನಡಿಯಷ್ಟು ಸ್ವಚ್ಛವಾಗಿ ಇಟ್ಟುಕೊಳ್ಳಬೇಕಿತ್ತು. ಅದು ಆಗದೆ ಹೋದದ್ದರ ಬೆಲೆ ತೆತ್ತವರು ಅವರೊಬ್ಬರೇ ಅಲ್ಲ.

ಪೆರಿ ಎಂಟು ವರ್ಷ ಕಮಿಷನರ್ ಆಗಿದ್ದರು. ಟೆಕ್ಸಾಸ್ ಬೆಳೆಗಳಿಗೆ ಹೊರಗೆ ಮಾರುಕಟ್ಟೆ ಹುಡುಕುವುದನ್ನು ಮುಖ್ಯ ಕೆಲಸ ಮಾಡಿಕೊಂಡರು. ಆ ವರ್ಷಗಳ ದೊಡ್ಡ ಪ್ರಕರಣ ಮತ್ತೆ ಅದೇ ಮೂತಿಹುಳುವಿನದು. ಹುಳುವನ್ನು ಬೇರುಸಹಿತ ಕಿತ್ತುಹಾಕಲು 1993ರಲ್ಲಿ ಶಾಸನಸಭೆ ಒಂದು ಪ್ರತಿಷ್ಠಾನಕ್ಕೆ ಅಧಿಕಾರ ಕೊಟ್ಟಿತು. ಹತ್ತಿ ಬೆಳೆಗಾರರು ವಲಯವಾರು ಮತ ಹಾಕಿ ಒಪ್ಪಿದರೆ ಎಲ್ಲರ ಹೊಲಕ್ಕೂ ವಿಮಾನದಿಂದ ಮ್ಯಾಲಾಥಿಯಾನ್ ಸಿಂಪಡಣೆ, ಎಲ್ಲರಿಂದಲೂ ಎಕರೆಗಿಷ್ಟೆಂದು ವಂತಿಗೆ. 1995ರಲ್ಲಿ ರಿಯೊ ಗ್ರಾಂಡೆ ಕಣಿವೆಯಲ್ಲಿ ಬೇರೊಂದು ಎಲೆತಿನ್ನುವ ಹುಳು ಎದ್ದು ಬೆಳೆಯನ್ನು ಮುಕ್ಕಿತು. ಸಿಂಪಡಣೆಯಿಂದ ಉಪಕಾರಿ ಕೀಟಗಳೆಲ್ಲ ಸತ್ತದ್ದೇ ಕಾರಣ ಎಂದು ರೈತರು ದೂರಿದರು. ಮರುವರ್ಷದ ಆರಂಭದಲ್ಲಿ ಮತ್ತೆ ಮತ ಹಾಕಿ ಯೋಜನೆಯಿಂದ ಹೊರಬಂದರು. 1997ರಲ್ಲಿ ಟೆಕ್ಸಾಸ್ ಸುಪ್ರೀಂ ಕೋರ್ಟ್, ಖಾಸಗಿ ಪ್ರತಿಷ್ಠಾನಕ್ಕೆ ಇಷ್ಟೊಂದು ಸರಕಾರಿ ಅಧಿಕಾರ ಕೊಟ್ಟದ್ದು ಸಂವಿಧಾನಕ್ಕೆ ವಿರುದ್ಧ ಎಂದು ತೀರ್ಪಿತ್ತಿತು. ಕಾಯ್ದೆಯನ್ನು ತಿದ್ದಿ, ಕೃಷಿ ಕಮಿಷನರ್‌ನ ಹಿಡಿತ ಬಿಗಿ ಮಾಡಿ, ಯೋಜನೆ ಮುಂದುವರಿಯಿತು. ನಂತರದ ವರ್ಷಗಳಲ್ಲಿ ರಾಜ್ಯದ ಬಹುಭಾಗದಿಂದ ಹುಳು ಹೋಯಿತು. ಮೆಕ್ಸಿಕೊ ಗಡಿಯ ಕಣಿವೆಯಲ್ಲಿ ಮಾತ್ರ ಉಳಿದುಕೊಂಡಿತು. ಯಾರ ಹೊಲಕ್ಕೆ ಯಾರು ಔಷಧಿ ಹೊಡೆಯಬಹುದು ಎಂಬ ಹೈಟವರ್ ಕಾಲದ ಪ್ರಶ್ನೆ ಈ ಸಲ ಜಮೀನ್ದಾರರ ಬಾಯಿಂದಲೇ ಬಂದದ್ದನ್ನು ಗಮನಿಸಬೇಕು.

1998ರಲ್ಲಿ ಪೆರಿ ಲೆಫ್ಟಿನೆಂಟ್ ಗವರ್ನರ್ ಆಗಿ ಚುನಾಯಿತರಾದರು. ಆಗ ಗವರ್ನರ್ ಆಗಿದ್ದ ಕಿರಿಯ ಬುಷ್ ಅಧ್ಯಕ್ಷರಾಗಿ ಹೊರಟಾಗ, 2000ದ ಡಿಸೆಂಬರ್‌ನಲ್ಲಿ ಗವರ್ನರ್ ಆದರು, 2015ರ ಜನವರಿಯ ತನಕ ಕೂತರು. ಟೆಕ್ಸಾಸ್ ಇತಿಹಾಸದಲ್ಲಿ ಅಷ್ಟು ಕಾಲ ಗವರ್ನರ್ ಆಗಿದ್ದವರು ಬೇರೊಬ್ಬರಿಲ್ಲ. ಅವರ ಪಕ್ಷದ ಹೊರಗಿನವರು ಆ ರಾಜ್ಯದಲ್ಲಿ ರಾಜ್ಯಮಟ್ಟದ ಚುನಾವಣೆಯೊಂದನ್ನು ಕೊನೆಯ ಬಾರಿಗೆ ಗೆದ್ದದ್ದು 1994ರಲ್ಲಿ. ಈ ಓಟ ಶುರುವಾದದ್ದು ಗವರ್ನರ್ ಕಚೇರಿಯಿಂದಲ್ಲ, ಯಾರೂ ಕಾವಲು ಕಾಯದ ಕೃಷಿ ಇಲಾಖೆಯ ಬಾಗಿಲಿನಿಂದ.

ಪೆರಿ ನಂತ­ರ ಬಂದ ಸೂಸನ್ ಕೂಂಬ್ಸ್ ಈ ಹುದ್ದೆಯ ಮೊದಲ ಮಹಿಳೆ. 2003ರಲ್ಲಿ ಶಾಲಾ ಊಟದ ಯೋಜನೆ ಶಿಕ್ಷಣ ಇಲಾಖೆಯಿಂದ ಕೃಷಿ ಇಲಾಖೆಗೆ ಬಂದಾಗ, ಅವರು ಶಾಲೆಗಳಲ್ಲಿ ಸೋಡಾ, ಮಿಠಾಯಿ, ಎಣ್ಣೆಯಲ್ಲಿ ಕರಿದ ತಿಂಡಿಗೆ ಕಡಿವಾಣ ಹಾಕಿದರು. 2014ರಲ್ಲಿ ಗೆದ್ದುಬಂದ ಸಿಡ್ ಮಿಲ್ಲರ್, ಅದೇ ಪಕ್ಷದವರಾದರೂ, ಆ ನಿರ್ಬಂಧಗಳನ್ನು ತೆಗೆದರು. 2019ರಲ್ಲಿ ಪೆಟ್ರೋಲ್ ಪಂಪಿನ ತಪಾಸಣೆಯನ್ನು ಶಾಸನಸಭೆ ಕೃಷಿ ಇಲಾಖೆಯಿಂದ ಕಿತ್ತು ಬೇರೆ ಇಲಾಖೆಗೆ ಕೊಟ್ಟಿತು. ಕಾಯ್ದೆಯಿಂದ ಹುಟ್ಟಿದ ಹುದ್ದೆಗೆ ಆ ಅಪಾಯ ಎಂದೂ ತಪ್ಪಿದ್ದಲ್ಲ.

ಹೈಟವರ್ ಮತ್ತೆ ಯಾವ ಹುದ್ದೆಗೂ ಬರಲಿಲ್ಲ. ರೇಡಿಯೊ, ಬರವಣಿಗೆ, ಭಾಷಣದಲ್ಲಿ ಉಳಿದರು. ಅವರು ಸೋತ ಮೂರೇ ವಾರಕ್ಕೆ, 1990ರ ನವೆಂಬರ್ 28ರಂದು, ಅಧ್ಯಕ್ಷ ಹಿರಿಯ ಬುಷ್ ಸಹಿ ಹಾಕಿದ ಕೃಷಿ ಮಸೂದೆಯೊಳಗೆ ಇಡೀ ದೇಶಕ್ಕೆ ಒಂದೇ ಸಾವಯವ ಮಾನದಂಡ ತರುವ ಕಾಯ್ದೆಯೂ ಸೇರಿತ್ತು. ಅದರ ನಿಯಮಗಳು ಜಾರಿಯಾಗಲು 2002ರ ತನಕ ಹಿಡಿಯಿತು. ಜಾರಿಯಾದಾಗ ಆ ಮುದ್ರೆ ಒತ್ತಲು ಒಕ್ಕೂಟ ಸರಕಾರದ ಮಾನ್ಯತೆ ಪಡೆದವರಲ್ಲಿ ಟೆಕ್ಸಾಸ್ ಕೃಷಿ ಇಲಾಖೆಯೂ ಇತ್ತು. ಹೊಲಕ್ಕೆ ಹೋಗಿ ಪರಿಶೀಲಿಸುವುದು ಹೇಗೆಂದು ಅದರ ಸಿಬ್ಬಂದಿಗೆ ಹದಿನಾಲ್ಕು ವರ್ಷದಿಂದ ಗೊತ್ತಿತ್ತು. ಕೂಲಿಯವರಿಗೆ ರಾಸಾಯನಿಕದ ಹೆಸರು ಹೇಳಬೇಕೆಂಬ 1987ರ ಕಾಯ್ದೆಯನ್ನು ಗೆದ್ದವರು ರದ್ದು ಮಾಡಲಿಲ್ಲ. ಟೆಕ್ಸಾಸ್ ಕೃಷಿ ಸಂಹಿತೆಯಲ್ಲಿ ಅದಕ್ಕೊಂದು ಅಧ್ಯಾಯವೇ ಇದೆ, ಅದನ್ನು ಜಾರಿ ಮಾಡುವ ಹೊಣೆ ಕೃಷಿ ಇಲಾಖೆಯದೇ.